ದೇವರ ಮಡುವಿನ ಅಂಬಿಗ

ಅಂಬಿಗ ಕಾಕಾನ ಕಾಲ್ಬೆರಳುಗಳು ಎಲ್ಲರ ಹಾಗೆ ಒಂದಕ್ಕೊಂದು ಅಂಟಿಕೊಂಡಿರಲಿಲ್ಲ, ಕೈಬೆರಳಿನ ಹಾಗೆ ಅಗಲಿಸಿ ನಿಂತಿದ್ದವು. ಹರಿಗೋಲಿನ ತಳದ ಬಿದಿರು ದಬ್ಬೆಗಳನ್ನು ಆ ಬೆರಳುಗಳಿಂದಲೇ ಅವುಚಿ ಹಿಡಿದು ನಿಲ್ಲುತ್ತಿದ್ದ. ಹೊಳೆ ಎಷ್ಟೇ ತಿರುಗಿಸಲಿ, ಸೊಂಟದ ಮೇಲಿನ ಮೈ ಅಲುಗುತ್ತಿರಲಿಲ್ಲ. ಅರ್ಧ ಆಯುಷ್ಯ ನೀರಲ್ಲಿ ನೆಂದ ಪಾದಗಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಹಿಮ್ಮಡಿಯ ಬಿರುಕಿನಲ್ಲಿ ಹರಿಗೋಲಿಗೆ ಬಳಿಯುವ ಡಾಂಬರು ಕಪ್ಪಗೆ ಕೂತಿತ್ತು. ಹೊಸ ಸೊಸೆಯಾಗಿ ಬಂದ ನಾನು ಸೆರಗು ಎತ್ತಿ ಗಂಡಸರ ಮುಖ ನೋಡುವಂತಿರಲಿಲ್ಲವಲ್ಲ, ಹಾಗಾಗಿ ಊರಿನ ಎಷ್ಟೋ ಜನರನ್ನು ಕಾಲಿನಿಂದಲೇ ಗುರುತು ಹಿಡಿಯುತ್ತಿದ್ದೆ. ಹಾಗೆ ನನಗೆ ಮೊದಲು ಪರಿಚಯವಾದವನು ಅವನು.

ನಮ್ಮೂರು ಮಳಖೇಡದಿಂದ ಒಂದು ಹರದಾರಿ ಕೆಳಗೆ, ಕಾಗಿಣಾ ಹೊಳೆಯ ದಂಡೆಯ ಮೇಲೆ. ನಮ್ಮ ಮನೆತನಕ್ಕೆ ಊರಿನ ಪಾಟೀಲಕಿ ಇತ್ತು, ಮುಕ್ಕಾಲು ಹೊಲ ಹೊಳೆಯಾಚೆ ಇತ್ತು. ಹೊಲಕ್ಕೆ ಬುತ್ತಿ ಹೋಗಬೇಕಾದರೂ ಕಾಕಾನ ಹರಿಗೋಲೇ ಗತಿ. ನಾನೋ ಚಿತ್ತಾಪುರದವಳು. ಬಾವಿ ನೀರು ಕುಡಿದು ಬೆಳೆದವಳಿಗೆ ಹೊಳೆಯ ವ್ಯವಹಾರ ಒಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಎರಡೇ. ಒಂದು, ಉರ್ದು, ಅಪ್ಪ ಹಟ ಹಿಡಿದು ನನ್ನನ್ನು ನಾಲ್ಕು ವರ್ಷ ಉರ್ದು ಸಾಲೆಗೆ ಕಳಿಸಿದ್ದ. ಇನ್ನೊಂದು, ಮಾತು. ನನ್ನ ಬಾಯಿಗೆ ಕಡಿವಾಣವಿರಲಿಲ್ಲ. ಯಾರನ್ನೋ ಏನೋ ಕೇಳಿದರೆ ಉತ್ತರ ನನ್ನಿಂದ ಬರುತ್ತಿತ್ತು. ನಮ್ಮತ್ತೆ ದಿನಕ್ಕೆ ಮೂರು ಹೊತ್ತು, “ಬಾಯಿಗಿ ಹೊಲಿಗಿ ಹಾಕ್ಕೊ” ಎನ್ನುತ್ತಿದ್ದರು. ಆ ಮಾತನ್ನು ಅವರು ಸುಮ್ಮನೆ ಹೇಳಿರಲಿಲ್ಲ ಎಂಬುದು ನನಗೆ ತಿಳಿಯುವಷ್ಟರಲ್ಲಿ ತಡವಾಗಿತ್ತು.

ಕಾಕಾನಿಗೆ ಮಾತ್ರ ನನ್ನ ಮಾತು ಹಿಡಿಸುತ್ತಿತ್ತು. ಹರಿಗೋಲಿನಲ್ಲಿ ಕೂತ ಕೂಡಲೇ, “ಹೇಳ್ ಯವ್ವಾ, ಚಿತ್ತಾಪುರದ ಸುದ್ದಿ ಏನದ?” ಎನ್ನುವನು. ಆ ಸುದ್ದಿ ಆರು ತಿಂಗಳು ಹಳೆಯದಾಗಿದ್ದರೂ ಇಂದೇ ಮುಂಜಾನೆ ಬಂದದ್ದೆಂಬಂತೆ ಕೇಳುವನು. ಆದರೆ ಹರಿಗೋಲಿನಲ್ಲಿ ಯಾರೇ ಎದ್ದು ನಿಂತರೂ ಅವನ ದನಿ ಬೇರೆಯಾಗುತ್ತಿತ್ತು. ಒಮ್ಮೆ ನನ್ನ ಮಾವನವರೇ ಕೈ ತೊಳೆಯಲು ಎದ್ದರು. “ಕುಂದರ್ರಿ ಪಾಟೀಲ್ರ. ದಂಡಿ ಮ್ಯಾಲ ನಿಮ್ಮ ಹುಕುಂ, ಇದರಾಗ ನಂದು,” ಎಂದ. ಕಂಡರೆ ಇಡೀ ಊರು ಎದ್ದು ನಿಲ್ಲುವ ಮನುಷ್ಯ ನಮ್ಮ ಮಾವ, ಅಲ್ಲೇ ಕೂತುಬಿಟ್ಟರು. ಸೆರಗಿನೊಳಗೆ ನಾನು ನಕ್ಕದ್ದು ಕಾಕಾನಿಗೆ ಗೊತ್ತಾಗಿರಬೇಕು. ಇಳಿಯುವಾಗ ನನ್ನ ಕಡೆಗೆ ನೋಡಿ ಮೀಸೆ ತೀಡಿಕೊಂಡ.

ಊರ ದಾಟುಗಟ್ಟೆಯಿಂದ ಸ್ವಲ್ಪ ಕೆಳಗೆ ದೇವರ ಮಡು. ಮೇಲಿನ ತುದಿಗೆ ಒಂದು ದರ್ಗಾ, ಕೆಳಗಿನ ತುದಿಗೆ ಒಬ್ಬ ಶರಣರ ಗದ್ದುಗೆ. ಇವೆರಡರ ನಡುವಿನ ನೀರಿನಲ್ಲಿ ಬಲೆ ಹಾಕುವಂತಿಲ್ಲ, ಗಾಳ ಇಳಿಸುವಂತಿಲ್ಲ, ಕಲ್ಲು ಸಹ ಒಗೆಯುವಂತಿಲ್ಲ. ಯಾವ ಕಾಗದದಲ್ಲೂ ಬರೆದ ಕಾಯಿದೆಯಲ್ಲ ಅದು. ದರ್ಗಾ ನೋಡಿಕೊಳ್ಳುವ ಮುಜಾವರನ ಅಜ್ಜನೂ ಕಾಕಾನ ಅಜ್ಜನೂ ಕೂಡಿ ಮಾಡಿಕೊಂಡ ಕಟ್ಟಳೆ ಎನ್ನುತ್ತಿದ್ದರು. ನಡುವೆ ಐದಾರು ನಡುಗಡ್ಡೆಗಳು. ನಮ್ಮ ಸೀಮೆಯ ಫರಸಿ ಕಲ್ಲು ಪದರ ಪದರವಾಗಿ ಒಡೆದು ನೀರಿನಿಂದ ಮೇಲೆದ್ದು, ಮೇಲೆ ಜಾಲಿ, ಲಕ್ಕಿ ಬೆಳೆದಿದ್ದವು. ಆಮೆಗಳು ಬಿಸಿಲು ಕಾಯುವುದು ಒಂದರ ಮೇಲೆ, ಬೆಳ್ಳಕ್ಕಿ ಗೂಡು ಕಟ್ಟುವುದು ಇನ್ನೊಂದರ ಮೇಲೆ. ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತ ಎರಡು ಬಂಡೆಗಳಿಗೆ ಅತ್ತೆಗಡ್ಡೆ, ಸೊಸೆಗಡ್ಡೆ ಎಂದು ಯಾರು ಹೆಸರಿಟ್ಟರೋ, ಅವರ ಮನೆಯಲ್ಲೂ ನಮ್ಮ ಮನೆಯದೇ ಕಥೆ ಇದ್ದಿರಬೇಕು.

ಕಾಕಾ ವರ್ಷಕ್ಕೆರಡು ಸಲ ಊರಿನ ಹೆಂಗಸರನ್ನು ಈ ನಡುಗಡ್ಡೆಗಳ ನಡುವೆ ಸುತ್ತಿಸಿ ತರುತ್ತಿದ್ದ. ಹೋಗುವ ಮುಂಚೆ ಚಪ್ಪಲಿ ದಂಡೆಯಲ್ಲೇ ಬಿಡಬೇಕು. ದರ್ಗಾ ದಾಟಿದ ಮೇಲೆ ಮಾತಿಲ್ಲ. ಉದ್ದನೆಯ ಗಳವನ್ನು ದಂಡೆಯಲ್ಲಿಟ್ಟು ಬರೀ ಹುಟ್ಟು ಹಾಕುತ್ತಿದ್ದ, ಅದೂ ಸಪ್ಪಳವಾಗದ ಹಾಗೆ. ಹುಟ್ಟನ್ನೇ ತಳಕ್ಕೆ ಊರಲೇಬೇಕಾದ ಜಾಗದಲ್ಲಿ ಅದರ ತುದಿಗೆ ಹಳೆಯ ಅರಿವೆ ಸುತ್ತಿಕೊಳ್ಳುವನು. ತಳದ ಮರಳಿನಲ್ಲಿ ಮೀನು ತತ್ತಿ ಇಟ್ಟಿರುತ್ತದೆ ಎಂದು. ನಾವು ಹುರಿದ ಜೋಳದ ಅಳ್ಳು ಚೆಲ್ಲಿದರೆ ತೋಳುದ್ದದ ಬಾಳೆಮೀನುಗಳು ಮೇಲೆ ಬಂದು, ಮೀಸೆ ಅಲ್ಲಾಡಿಸಿ, ಬಾಯಿ ತೆರೆದು ನಿಲ್ಲುತ್ತಿದ್ದವು. ಮನುಷ್ಯರ ಭಯವೇ ಗೊತ್ತಿಲ್ಲದ ಜೀವಗಳು. ಮೊದಲ ಸಲ ನೋಡಿದಾಗ ನನಗೆ ಕಣ್ಣೀರು ಬಂದಿತ್ತು, ಯಾಕೆಂದು ಈಗಲೂ ತಿಳಿಯದು.

ಆ ವರ್ಷ ಮಿರಗದ ಮೊದಲ ಮುಂಗಾರು ಮಳೆ ಬಿದ್ದ ಮರುವಾರ ನಮ್ಮೂರಿಗೆ ನಿಜಾಮ ಸರ್ಕಾರದ ಒಬ್ಬ ದೊಡ್ಡ ಸಾಹೇಬರು ಹಳ್ಳಿಗಳ ದೌರೆಗೆ ಬಂದರು. ನಮ್ಮ ಮನೆಯ ಮುಂದಿನ ಬೇವಿನ ಕೆಳಗೆ ಡೇರೆ ಹೊಡೆದರು. ಜೊತೆಗೆ ಅವರ ತಾಯಿ, ಎಪ್ಪತ್ತು ದಾಟಿದ ಮುದುಕಿ. ಆ ಅಮ್ಮನಿಗೆ ಉರ್ದು ಬಿಟ್ಟು ಬೇರೆ ಬರದು, ಊರಿನ ಹೆಂಗಸರಲ್ಲಿ ಸಾಲೆಯ ಉರ್ದು ಬರುವವಳು ನಾನೊಬ್ಬಳೇ. ಹೀಗಾಗಿ ನನ್ನನ್ನು ಅವರ ಜೊತೆಗೆ ಬಿಟ್ಟರು. ಎರಡೇ ದಿನಕ್ಕೆ ನಮ್ಮಿಬ್ಬರಿಗೂ ಸಲಿಗೆ ಬೆಳೆಯಿತು. ಅವರೂ ಮಾತಿನವರು.

ಸಾಹೇಬರ ಹಿಂದೆಯೇ ಬಂದವನು ನನ್ನ ಭಾವ, ನನ್ನ ಗಂಡನ ದೊಡ್ಡಪ್ಪನ ಮಗ. ಶಹಾಬಾದ ಕಡೆ ಕಲ್ಲಿನ ಖಣಿ ಗುತ್ತಿಗೆ ಹಿಡಿದಿದ್ದ. ಇನ್ನೊಂದು ಖಣಿಗೆ ಪರವಾನಗಿ ಬೇಕಾಗಿತ್ತು, ಅದಕ್ಕೆ ಈ ಸಾಹೇಬರ ಮರ್ಜಿ ಬೇಕಾಗಿತ್ತು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಬೆಳ್ಳಿ ಕರಡಿಗೆ, ಮೀನಿನ ವಾಸನೆಗೆ ಮೂಗಿಗೆ ಪಂಚೆ ಹಿಡಿಯುವ ಮನುಷ್ಯ. ಅಂಥವನು ಸಾಹೇಬರಿಗೆ ಮೀನಿನ ಊಟ ಇಷ್ಟ ಎಂದು ಅಡಿಗೆಯವನಿಂದ ತಿಳಿದುಕೊಂಡಿದ್ದ. “ಹುಜೂರ್, ನಮ್ಮ ಮಡುವಿನಲ್ಲಿ ಒಂದು ಸೈರ್ ಮಾಡಿಕೊಂಡು ಬನ್ನಿ, ಹೈದರಾಬಾದಿನಲ್ಲೂ ಇಂಥ ನೋಟವಿಲ್ಲ,” ಎಂದು ಉರ್ದುವಿನಲ್ಲಿ ಬೆಣ್ಣೆ ಸವರಿದ. ಬರೀ ಸೈರ್, ತಿರುಗಾಟ, ಅಂದ. ಬೇರೆ ಏನೂ ಹೇಳಲಿಲ್ಲ.

ಕಾಕಾ ಹೊಳೆಯ ಕಡೆಗೆ ಒಮ್ಮೆ ನೋಡಿ, “ಹೊಸ ನೀರು ಬಂದದ, ಎರಡು ದಿನ ತಡೀರಿ,” ಎಂದ. ಭಾವ ಒಪ್ಪಲಿಲ್ಲ. ಮುಂಜಾನೆ ಬಿಸಿಲೇರುವ ಮುಂಚೆ ಐದು ಜನ ಹೊರಟೆವು. ಹಿಂದುಗಡೆ ಕಾಕಾ ನಿಂತ. ಅವನ ಕಾಲ ಬಳಿ, ಅವನ ಮುಖಕ್ಕೆ ಎದುರಾಗಿ ನಾನು. ನನ್ನ ಪಕ್ಕದಲ್ಲಿ ನೀರಿನ ಕಡೆಗೆ ತಿರುಗಿ ಅಮ್ಮ. ಮುಂದುಗಡೆ ಸಾಹೇಬರು, ಭಾವ. ಭಾವನ ತೊಡೆಯ ಮೇಲೆ ಒಂದು ಅರಿವೆಯ ಗಂಟು. ಉಪಾಹಾರವೆಂದೇ ನಾನು ತಿಳಿದಿದ್ದೆ.

ಕೆಂಪು ನೀರು ಎರಡು ಕಡೆಯೂ ಸುಯ್ ಎಂದು ಸರಿಯುತ್ತಿತ್ತು. ದರ್ಗಾ ಬಂದಾಗ ಕಾಕಾ ತುಟಿಗೆ ಬೆರಳಿಟ್ಟ, ಸಾಹೇಬರೂ ಸುಮ್ಮನಾದರು. ಆಮೆಗಡ್ಡೆ ದಾಟಿದೆವು. ಅಮ್ಮ ಅಳ್ಳು ಚೆಲ್ಲತೊಡಗಿದರು. ಮೀನು ಬಂದವು, ಹಿಂದೆಂದೂ ಕಾಣದಷ್ಟು. ಹೊಟ್ಟೆ ತುಂಬ ತತ್ತಿ ಹೊತ್ತು ಕೆಳಗಿನಿಂದ ಏರಿ ಬಂದ ದಿನಗಳು ಅವು. ಅಮ್ಮ ಬುರ್ಖಾ ಮೇಲೆತ್ತಿ, ಮಕ್ಕಳಂತೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಒಂದು ಮೀನು ಅವರ ಬೆರಳನ್ನೇ ಚೀಪಿ ಹೋಯಿತು.

“ಎಲ್ಲಕ್ಕಿಂತ ಆಳ ಎಲ್ಯದ? ಅಲ್ಲಿ ನಡಿ,” ಎಂದ ಭಾವ.

ಆಳವಾದದ್ದು ಅತ್ತೆಗಡ್ಡೆ, ಸೊಸೆಗಡ್ಡೆಗಳ ಹಿಂದೆ. ಎರಡು ಬಂಡೆಗಳ ಸಂದಿನಿಂದ ನುಗ್ಗಿದ ನೀರು ಅಲ್ಲಿ ಒಂದು ಕಡೆ ಸೆಳವಾಗಿ ಕೆಳಕ್ಕೆ ಓಡಿದರೆ, ಇನ್ನೊಂದು ಕಡೆ ಅಗಲವಾಗಿ, ನಿಧಾನವಾಗಿ ಸುತ್ತ ತಿರುಗುತ್ತಿತ್ತು. ಅಂಬಿಗರು ಅದನ್ನು ಗಾಣ ಎನ್ನುತ್ತಿದ್ದರು. ಹುಟ್ಟು ಕೈಯಲ್ಲಿದ್ದರೆ ಅದರೊಳಗೆ ಹೋಗಿ ಹೊರಬರಬಹುದು, ಇಲ್ಲದಿದ್ದರೆ ಗಾಣದ ಎತ್ತಿನ ಹಾಗೆ ಸುತ್ತುತ್ತಿರಬೇಕು.

ನಾವು ಸಂದಿನ ಹತ್ತಿರ ಬಂದಾಗ ಭಾವ ಗಂಟು ಬಿಚ್ಚಿದ. ಒಳಗೆ ಎರಡು ಗೇಣುದ್ದದ ಕಂದು ಕಾಗದದ ಸುರುಳಿಗಳು, ತುದಿಯಲ್ಲಿ ಮೋಟು ಬತ್ತಿ.

“ಅದ್ಯಾನ್ರಿ ಪಾಟೀಲ್ರ?” ಕಾಕಾ ಕೇಳಿದ. ಮಡುವಿನೊಳಗೆ ಅವನು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಖಣಿಯಾಗಿನ ತೋಟಾ. ಬಂಡಿ ಒಡೀಲಿಕ್ಕ ಇಡ್ತೀವಲ್ಲ, ಅದ. ಒಂದ ಒಗದ್ರ ಸಾಕು, ಇದ್ದಬದ್ದ ಮೀನೆಲ್ಲ ಹೊಟ್ಟಿ ಮ್ಯಾಲ ಮಾಡಿ ತೇಲ್ತಾವ. ಇವತ್ತ ಸಾಹೇಬ್ರ ದಾವತ್ತು ನಂದು.”

“ಇಲ್ಲಿ ಬ್ಯಾಡ್ರಿ. ಗದ್ದಿಗಿ ದಾಟಿ ಕೆಳಗ ಒಯ್ತೀನಿ, ಬಲಿ ಹಾಕಿ ಬೇಕಾದಷ್ಟು ಹಿಡಕೊಡ್ತೀನಿ. ಇವು ತತ್ತಿ ಇಡ್ಲಿಕತ್ತಾವ. ಈಗ ಹೊಡದ್ರ ಈ ಹೊಳ್ಯಾಗ ಮುಂದ ಏನೂ ಉಳ್ಯಾಂಗಿಲ್ಲ.”

“ನೀ ಹುಟ್ಟು ಹಾಕು, ಅಷ್ಟ ನಿನ್ನ ಕೆಲಸ. ಒಗದ ಕೂಡ್ಲೆ ಜೋರ್ ಹಾಕಿ ದೂರ ಸರಸು. ಇಲ್ಲಂದ್ರ ನಾಳಿಂದ ದಾಟುಗಟ್ಟಿ ಬ್ಯಾರೇದವ್ರ ಕೈಯಾಗ ಇರ್ತದ.”

ಸಾಹೇಬರು ಅದೇನೆಂದು ಕೇಳಿದರು. ಹುಜೂರರಿಗೆ ಒಂದು ತಮಾಷೆ ತೋರಿಸುತ್ತೇನೆ ಎಂದ ಭಾವ. ಸಾಹೇಬರ ಮುಖದಲ್ಲಿ ಅರ್ಧ ಕುತೂಹಲ, ಅರ್ಧ ಅಳುಕು. ಬೇಡವೆಂದೂ ಅನ್ನಲಿಲ್ಲ, ಬೇಕೆಂದೂ ಅನ್ನಲಿಲ್ಲ. ದೊಡ್ಡ ಮನುಷ್ಯರ ಈ ಸುಮ್ಮನಿರುವಿಕೆಯಿಂದ ಆಗುವಷ್ಟು ಅನಾಹುತ ಬಯ್ಗುಳದಿಂದ ಆಗುವುದಿಲ್ಲ. ಅಮ್ಮ ನನ್ನ ಕೈ ಹಿಡಿದು ಕೇಳಿದರು. ನಾನು ಹೇಳಿದೆ. “ತೌಬಾ!” ಎಂದು ಅಳ್ಳಿನ ಬುಟ್ಟಿ ಕೆಳಗಿಟ್ಟರು. ಅವರ ಕೈಯಿಂದ ತಿಂದ ಮೀನುಗಳು ಇನ್ನೂ ಹರಿಗೋಲಿನ ಅಂಚಿಗೇ ಇದ್ದವು.

ಭಾವ ಕಡ್ಡಿ ಗೀರಿದ. ಗಾಳಿಗೆ ಆರಿತು. ಅವನು ಬೆನ್ನು ಬಗ್ಗಿಸಿ, ಕೈ ಮರೆ ಮಾಡಿ ಎರಡನೇ ಕಡ್ಡಿ ತೆಗೆದ. ಸಾಹೇಬರು, ಅಮ್ಮ, ಇಬ್ಬರ ಕಣ್ಣೂ ಆ ಕೈಯ ಮೇಲೆ. ಸೆರಗು ಸರಿಸಿ ನಾನೊಬ್ಬಳೇ ಕಾಕಾನನ್ನು ನೋಡುತ್ತಿದ್ದೆ. ಏನಾದರೂ ಮಾಡು ಎಂದು ಕಣ್ಣಿನಲ್ಲೇ ಬೇಡುತ್ತಿದ್ದೆ. ಹರಿಗೋಲು ಆಗ ಸೆಳವಿಗೂ ಗಾಣಕ್ಕೂ ನಡುವಿನ ಗೆರೆ ದಾಟುತ್ತಿತ್ತು. ಕಾಕಾ ನನ್ನ ಮುಖ ನೋಡಿದ. ಹುಟ್ಟನ್ನು ಸೆಳವಿನ ಕಡೆಗೆ ಚಾಚಿ ಹಿಡಿದ. ಅವನ ಬೆರಳುಗಳು ಒಂದೊಂದಾಗಿ, ಅವಸರವಿಲ್ಲದೆ ಬಿಚ್ಚಿದವು. ಹುಟ್ಟು ಸದ್ದಿಲ್ಲದೆ ನೀರಿಗೆ ಇಳಿದು ಬಾಣದ ಹಾಗೆ ಕೆಳಕ್ಕೆ ಹೋಯಿತು.

ಆಮೇಲೆ ಅವನು ಗಟ್ಟಿಯಾಗಿ ಹೇಳಿದ, “ಹುಟ್ಟು ಹೋಯ್ತ್ರಿ.”

ಎಲ್ಲರೂ ತಿರುಗಿದರು. ಅಷ್ಟರಲ್ಲಿ ಗಾಣ ನಮ್ಮನ್ನು ಒಳಗೆ ಎಳೆದುಕೊಂಡಿತ್ತು. ಭಾವನ ಕೈಯಲ್ಲಿ ಕಡ್ಡಿ ಉರಿಯುತ್ತಿತ್ತು, ಇನ್ನೊಂದು ಕೈಯಲ್ಲಿ ತೋಟಾ, ನಡುವೆ ನಾಲ್ಕು ಬೆರಳಿನ ಅಂತರ.

“ಪಾಟೀಲ್ರ, ಒಂದು ಮಾತ ಕೇಳ್ತೀನಿ,” ಎಂದ ಕಾಕಾ. “ಬತ್ತಿ ಹಚ್ಚಿದ ಮ್ಯಾಲ ಖಣಿಯಾಗ ನೀವು ಎಷ್ಟು ದೂರ ಓಡ್ತೀರಿ?”

ಭಾವ ಮೋಟು ಬತ್ತಿಯ ಕಡೆಗೆ ನೋಡಿದ.

“ಇಲ್ಲಿ ಎಲ್ಲಿ ಓಡ್ತೀರಿ?”

ಕಡ್ಡಿ ಭಾವನ ಬೆರಳು ಸುಟ್ಟಿತು. ಅದನ್ನು ನೀರಿಗೆ ಎಸೆದು, ಇವನು ಸುಳ್ಳು ಹೆದರಿಕೆ ಹಾಕುತ್ತಿದ್ದಾನೆ, ಹರಿಗೋಲು ತಾನೇ ಹೊರಗೆ ಹೋಗುತ್ತದೆ ಎಂದು ಸಾಹೇಬರಿಗೆ ಹೇಳುತ್ತ ಮೂರನೇ ಕಡ್ಡಿಗೆ ಕೈ ಹಾಕಿದ. ಹಟ ಹತ್ತಿಬಿಟ್ಟಿತ್ತು. ಕಾಕಾ ಸೊಸೆಗಡ್ಡೆಯ ಮೇಲಿನ ಒಂದು ಬೋಳು ಜಾಲಿ ಗಿಡ ತೋರಿಸಿ ನನಗೆ ಹೇಳಿದ, “ಯವ್ವಾ, ಅಮ್ಮಗ ಹೇಳು. ಜಪಮಾಲಿ ಎಣಸ್ಲಿಕ್ಕ ಹತ್ತಲಿ. ಮಾಲಿ ಮುಗ್ಯೂದ್ರಾಗ ಮತ್ತ ಈ ಗಿಡದ ಮುಂದನ ಇರ್ತೀವಿ.”

ಅಮ್ಮ ತಸ್ಬೀ ತೆಗೆದರು. ಮಗನ ಕಡೆಗೆ ನೋಡಿ ಒಂದೇ ಮಾತು ಹೇಳಿದರು: ನಾನು ಎಣಿಸಿ ಮುಗಿಸುವವರೆಗೆ ಯಾರೂ ಕಡ್ಡಿ ಗೀರಕೂಡದು. ಸಾಹೇಬರು ಭಾವನ ಮಣಿಕಟ್ಟು ಹಿಡಿದುಕೊಂಡರು. ಹರಿಗೋಲು ತಿರುಗಿತು. ಅತ್ತೆಗಡ್ಡೆ ಬಂತು, ಹೋಯಿತು. ದೂರದಲ್ಲಿ ನಮ್ಮೂರ ಬೇವು ಬಂತು, ಹೋಯಿತು. ಮಣಿ ಜರುಗುವ ಸಪ್ಪಳ, ನೀರಿನ ಸಪ್ಪಳ, ಅಷ್ಟೇ. ನನ್ನ ಹೊಟ್ಟೆಯಲ್ಲಿ ಆಗ ನಾಲ್ಕು ತಿಂಗಳ ಕೂಸು. ಆ ತೋಟಾವನ್ನು ಬಿಟ್ಟು ಬೇರೆಡೆಗೆ ನೋಡಲು ನನ್ನಿಂದ ಆಗಲಿಲ್ಲ. ಕಡೆಯ ಮಣಿ ಬಂದಾಗ ಅಮ್ಮ ತಲೆಯೆತ್ತಿದರು. ಬೋಳು ಜಾಲಿ ನಮ್ಮ ಮುಂದಿತ್ತು.

ಸಾಹೇಬರು ತೋಟಾ ಎರಡನ್ನೂ ಕಿತ್ತುಕೊಂಡು ಗಂಟಿನಲ್ಲಿ ಕಟ್ಟಿ ತಮ್ಮ ಬಳಿ ಇಟ್ಟುಕೊಂಡರು.

ಹೊರಗೆ ಬರುವುದು ಬೇರೆಯೇ ಕಥೆ. ಕಾಕಾ ಹಗ್ಗ ಸೊಂಟಕ್ಕೆ ಬಿಗಿದುಕೊಂಡು ನೀರಿಗಿಳಿದ. ಗಾಣ ಎರಡು ಸುತ್ತು ಅವನನ್ನೂ ನಮ್ಮ ಜೊತೆಗೇ ತಿರುಗಿಸಿತು. ಒಮ್ಮೆ ತಲೆ ಮುಳುಗಿ, ನಾನು ಕೂಗುವವರೆಗೂ ಮೇಲೆ ಬರಲಿಲ್ಲ. ಮೂರನೇ ಸುತ್ತಿಗೆ ಸೊಸೆಗಡ್ಡೆಯ ಜಾಲಿ ಬೇರಿಗೆ ಕೈ ಹಾಕಿದ. ಬಂಡೆಗೆ ಪಾದ ಒತ್ತಿ, ಗೇಣು ಗೇಣಾಗಿ ನಾವು ನಾಲ್ವರಿದ್ದ ಹರಿಗೋಲನ್ನು ಎಳೆದು ತಂದ. ಅವನು ಕೂಗು ಹಾಕಿದ ಮೇಲೆ ಬೇರೆ ಅಂಬಿಗರು ಇನ್ನೊಂದು ಹರಿಗೋಲು ತಂದು ನಮ್ಮನ್ನು ದಂಡೆಗೆ ಮುಟ್ಟಿಸಿದರು.

ದಂಡೆಯಲ್ಲಿ ಅರ್ಧ ಊರು ಸೇರಿತ್ತು. ಅಂಬಿಗರ ಓಣಿಯ ಹಿರಿಯರೆಲ್ಲ ಇದ್ದರು. ನೆಲ ಮುಟ್ಟಿದ ಕೂಡಲೇ ಭಾವನಿಗೆ ಬಾಯಿ ಬಂತು. “ಬೇಕಂತ ಬಿಟ್ಟಾನ! ಸಾಹೇಬ್ರ ಜೀವ ತೆಗೀಲಿಕ್ಕ ನೋಡ್ಯಾನ!” ಎಂದು ಎರಡೂ ಭಾಷೆಯಲ್ಲಿ ಕೂಗಾಡಿದ. ಸಾಹೇಬರ ಹೆದರಿಕೆ ಇಳಿದು ಸಿಟ್ಟು ಏರುತ್ತಿತ್ತು. ಸರ್ಕಾರಿ ಅಧಿಕಾರಿಯನ್ನೂ ಅವನ ತಾಯಿಯನ್ನೂ ಬೇಕೆಂದೇ ಸುಳಿಗೆ ದೂಡಿದ್ದರೆ ಜೈಲು ತಪ್ಪುವುದಿಲ್ಲ ಎಂದರು. ಕಾಕಾನನ್ನು ಕರೆದು ಕೇಳಿದರು: “ಹುಟ್ಟು ಹೇಗೆ ಹೋಯಿತು? ಸತ್ಯ ಹೇಳು.”

ಕಾಕಾ ತಲೆಯ ನೀರು ಹಿಂಡಿಕೊಂಡು ನೆಟ್ಟಗೆ ನಿಂತ. ಹೇಳಲು ಬಾಯಿ ತೆರೆದ. ಅವನು ಏನು ಹೇಳಲಿದ್ದ ಎಂದು ಅವನ ನಿಲುವಿನಿಂದಲೇ ನನಗೆ ಗೊತ್ತಾಯಿತು. ಅವನಿಗಿಂತ ಮೊದಲು ನನ್ನ ಬಾಯಿ ತೆರೆಯಿತು.

“ಕೈ ಜಾರ್ತು ಸಾಹೇಬ್! ನಾ ಎದುರಿಗೇ ಕುಂತಿದ್ದೆ, ಕಣ್ಣಾರೆ ನೋಡೀನಿ. ಹುಟ್ಟು ಅವನ ಕೈಯಿಂದ ಜಾರ್ತು.” ಮೊದಲು ಉರ್ದುವಿನಲ್ಲಿ ಹೇಳಿದೆ. ಊರಿಗೂ ಕೇಳಲಿ ಎಂದು ಕನ್ನಡದಲ್ಲೂ ಹೇಳಿದೆ.

ಹೆಣ್ಣುಮಗಳು, ಅದೂ ಭಾವನ ಎದುರು, ತುಂಬಿದ ಜನರಲ್ಲಿ ಬಾಯಿ ಬಿಟ್ಟಳೆಂದು ಜನವೆಲ್ಲ ನನ್ನ ಕಡೆಗೆ ತಿರುಗಿತು. ಅಂಬಿಗರ ಗುಂಪಿನಲ್ಲಿ ಒಬ್ಬ ಮುದುಕ “ಅಯ್ಯೋ” ಎಂದದ್ದು ಕೇಳಿಸಿತು. ಕಾಕಾ ನನ್ನ ಕಡೆಗೆ ತಿರುಗಿದ. ನನ್ನ ಮುಖವನ್ನೇ ನೋಡಿದ. ಆ ನೋಟವನ್ನು ನಾನು ಕೃತಜ್ಞತೆ ಎಂದುಕೊಂಡೆ. ಎಂಥ ಮೂರ್ಖಳು!

“ಹೌದ್ರಿ ಸರ್ಕಾರ,” ಎಂದ. “ಪಾಟೀಲ್ರ ಸೊಸಿ ಅಂದದ್ದು ಖರೆ. ಜಾರ್ತು.”

ಅಮ್ಮ ಮಗನ ತೋಳು ಹಿಡಿದು, ಜೀವ ಉಳಿಸಿದವನಿಗೆ ಶಿಕ್ಷೆ ಕೊಡುತ್ತೀಯಾ ಎಂದರು. ಅಲ್ಲಿಗೆ ವಿಚಾರಣೆ ಮುಗಿಯಿತು. ಮರುದಿನ ಸಾಹೇಬರು ಹೊರಡುವ ಮುಂಚೆ, ಆ ಮಡು ಅಪಾಯದ ಜಾಗ, ಅಲ್ಲಿಗೆ ಯಾರೂ ಹರಿಗೋಲು ಒಯ್ಯಕೂಡದು, ಸಿಡಿಮದ್ದು ಒಯ್ಯಕೂಡದು ಎಂದು ಉರ್ದುವಿನಲ್ಲಿ ಹಲಗೆ ಬರೆಸಿ ದರ್ಗಾದ ಬಳಿ ನೆಡಿಸಿದರು. ಅಂದು ರಾತ್ರಿ ನಮ್ಮತ್ತೆ ನನ್ನನ್ನು ಬೈಯಲಿಲ್ಲ. ನಾನು ಬೀಗಿ ಹೋದೆ.

ವಾರ ಕಳೆದು ಹೊಲಕ್ಕೆ ಬುತ್ತಿ ಒಯ್ಯಲು ಹೋದರೆ ಹರಿಗೋಲಿನಲ್ಲಿ ಬೇರೆ ಯಾವನೋ ನಿಂತಿದ್ದ. ಪಾದ ನೋಡಿದ ಕೂಡಲೇ ತಿಳಿಯಿತು. ಕಾಕಾ ಎಲ್ಲಿ ಎಂದೆ. ಅವನು ನನ್ನ ಮುಖ ನೋಡದೆ ಹೇಳಿದ, “ನಮ್ಮ ಮಂದ್ಯಾಗ ಕಟ್ಟಳಿ ಅದರಿ ಅವ್ವಾ. ನಡುನೀರಾಗ ಹುಟ್ಟು ಕೈಜಾರಿಸಿದಾವ ಮುಂದ ಹುಟ್ಟು ಹಿಡ್ಯಾಂಗಿಲ್ಲ. ಅವನ ಹರಗೋಲದಾಗ ಯಾರೂ ಕುಂದ್ರಾಂಗಿಲ್ಲ.”

ಬುತ್ತಿ ಅಲ್ಲೇ ಇಟ್ಟು ಅಂಬಿಗರ ಓಣಿಗೆ ಹೋದೆ. ಪಾಟೀಲರ ಸೊಸೆ ಹಾಗೆ ಹೋಗುವಂತಿರಲಿಲ್ಲ, ಹೋದೆ. ಕಾಕಾ ಅಂಗಳದಲ್ಲಿ ಕೂತು ಬೇರೆಯವರ ಹರಿಗೋಲಿನ ತೊಗಲಿಗೆ ತೇಪೆ ಹಾಕುತ್ತಿದ್ದ.

“ನಿನ್ನ ಜೇಲಿಗಿ ಒಯ್ತಿದ್ರಲ್ಲ ಕಾಕಾ!” ಎಂದೆ. ಅಳು ಬಂದುಬಿಟ್ಟಿತು.

“ಹೋಗಿ ಬರ್ತಿದ್ದೆ ಯವ್ವಾ. ಜೇಲಿಂದ ಬಂದಾವ ಮತ್ತ ಹುಟ್ಟು ಹಿಡೀಬಹುದು.”

“ಮತ್ತ ಯಾಕ ಹೌದಂದಿ? ನಾ ಹೇಳಿದ್ದು ಸುಳ್ಳ ಅನಬೇಕಿತ್ತು!”

“ಅಷ್ಟು ಮಂದ್ಯಾಗ ನಿನ್ನ ಸುಳ್ಳ ಮಾಡ್ಲೇನು? ಸಾಹೇಬ ನಿಮ್ಮ ಮನಿ ಪಾಟೀಲಕಿ ಕಸಗೊಂತಿದ್ದ. ನಿನ್ನ ಗಂಡ ನಿನ್ನ ತವರಿಗಿ ಕಳಸ್ತಿದ್ದ. ನೀ ಬಸರಿ ಹೆಣಮಗಳು.” ದಬ್ಬಳದ ದಾರ ಹಲ್ಲಿನಿಂದ ಕಡಿದ. “ಮಡು ಉಳೀತಲ್ಲ, ಸಾಕು. ಹೋಗು, ಬುತ್ತಿ ತಂಪಾಗ್ತದ.”

ನನ್ನ ಹೊಟ್ಟೆಯಲ್ಲಿ ಕೂಸಿದೆ ಎಂದು ನಾನು ಅವನಿಗೆ ಹೇಳಿರಲಿಲ್ಲ. ನಮ್ಮತ್ತೆಗೇ ಆಗಿನ್ನೂ ಹೇಳಿರಲಿಲ್ಲ.

ಮಗ ಹುಟ್ಟಿ ಅವನಿಗೆ ವರ್ಷ ತುಂಬಿದ ಮೇಲೆ, ಧೈರ್ಯ ಮಾಡಿ ಅಂಬಿಗರ ಹಿರಿಯರ ಮುಂದೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೆರಳು ಬಿಚ್ಚಿದ್ದನ್ನು ಕಂಡೆ ಎಂದೆ. ಗಾಣದೊಳಗೆ ಜಾರಿದ್ದರೆ ಹುಟ್ಟು ನಮ್ಮ ಜೊತೆಗೇ ಸುತ್ತುತ್ತಿರಲಿಲ್ಲವೇ, ಅವನು ನೋಡಿ ನೋಡಿ ಸೆಳವಿಗೇ ಬಿಟ್ಟ ಎಂದು ವಾದಿಸಿದೆ. ಅವರು ಕೇಳಿದರು. ಒಬ್ಬ ಹಿರಿಯ ಕಾಕಾನನ್ನೇ ಕರೆಸಿ, ಏನಂತೀಯೋ ಎಂದು ಕೇಳಿದ. ಕಾಕಾ ನನ್ನ ಸೊಂಟದ ಮೇಲಿದ್ದ ಕೂಸಿನ ಕಡೆಗೆ ನೋಡಿ, “ಇಲ್ರಿ, ಜಾರ್ತು,” ಎಂದ. ಆ ಹಿರಿಯ ನನಗೆ ಕೈ ಮುಗಿದು, “ಭಾಳ ದೊಡ್ಡ ಮನಸು ನಿಮ್ದು ಅವ್ವಾ. ನಮ್ಮಾವನ ಮಾನ ಉಳಸ್ಲಿಕ್ಕ ಸುಳ್ಳ ಹೇಳ್ಲಿಕತ್ತೀರಿ,” ಎಂದ. ಸುಳ್ಳು ಹೇಳಿದ ದಿನ ನಂಬಿದರು, ಖರೆ ಹೇಳಿದ ದಿನ ಕೈ ಮುಗಿದು ಕಳಿಸಿದರು. ನನ್ನ ಮಾತಿನ ಹುಚ್ಚು ಅಂದಿಗೆ ಇಳಿಯಿತು.

ಭಾವನಿಗೆ ಪರವಾನಗಿ ಸಿಕ್ಕಿತೆಂದು ಬೇರೆ ಹೇಳಬೇಕಿಲ್ಲ. ಅಂಥವರಿಗೆ ಸಿಗುತ್ತದೆ. ಕಾಕಾ ತೊಗಲು ಹೊಲಿದು, ಡಾಂಬರು ಬಳಿದು ಹತ್ತು ವರ್ಷ ಬದುಕಿದ. ಪ್ರತಿ ವರ್ಷ ಮಿರಗದಲ್ಲಿ ಒಬ್ಬನೇ ದಂಡೆಯ ಮೇಲೆ ನಡೆದು ಹೋಗಿ ಮಡುವಿನ ಬದಿಗೆ ಕೂತು ಬರುತ್ತಿದ್ದ. ನಾನು ಎದುರಾದರೆ ಮೊದಲಿನ ಹಾಗೆಯೇ ಚಿತ್ತಾಪುರದ ಸುದ್ದಿ ಕೇಳುತ್ತಿದ್ದ. ನನಗೆ ಮಾತು ಬರುತ್ತಿರಲಿಲ್ಲ. ಅವನೇ ಏನಾದರೂ ಹೇಳಿ ನಗಿಸುತ್ತಿದ್ದ. ಅದು ನನಗೆ ಬೈದದ್ದಕ್ಕಿಂತ ಹೆಚ್ಚು ನೋಯುತ್ತಿತ್ತು.

ನಿಜಾಮರ ರಾಜ್ಯ ಮುಗಿಯುವುದಕ್ಕೆ ಒಂದು ವರ್ಷ ಮುಂಚೆ, ಚಳಿಗಾಲದಲ್ಲಿ ಅವನು ಹೋದ. ನಮ್ಮ ದಂಡೆಯಲ್ಲಿ ಅಂಬಿಗ ಸತ್ತರೆ ಎದೆಯ ಮೇಲೆ ಅವನ ಹುಟ್ಟನ್ನು ಇಟ್ಟು, ಎರಡೂ ಕೈ ಅದರ ಮೇಲೆ ಜೋಡಿಸಿ ಒಯ್ಯುತ್ತಾರೆ. ನಮ್ಮ ಮನೆಯ ಮುಂದೆ ಅವನ ಹೆಣ ಹಾದು ಹೋದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಅವನ ಎದೆಯ ಮೇಲೆ ಏನೂ ಇರಲಿಲ್ಲ. ಕೈಗಳು ಪಕ್ಕಕ್ಕೆ ಬಿದ್ದಿದ್ದವು.

ಅಂದು ಬೀದಿಗೆ ಇಳಿದು ಕೂಗಬೇಕಿತ್ತು. ಕೂಗಲಿಲ್ಲ. ಬೇಡದಿದ್ದ ದಿನ ತೆರೆದ ಬಾಯಿ, ಬೇಕಾದ ದಿನ ಮುಚ್ಚಿಕೊಂಡಿತು. ಈಗ ಅವನ ಓಣಿಯ ಹಿರಿಯರು ಯಾರೂ ಇಲ್ಲ, ನನ್ನ ಮಾತನ್ನು ಅಲ್ಲಗಳೆಯಲು ಅವನೂ ಇಲ್ಲ. ಓದುವ ನೀವಾದರೂ ನಂಬಬೇಕು. ಹುಟ್ಟು ಅವನ ಕೈಯಿಂದ ಜಾರಿರಲಿಲ್ಲ. ನಾನು ಎದುರಿಗೇ ಕೂತಿದ್ದೆ. ಅವನೇ ಬಿಟ್ಟ.